ಎಸ್‌ಎಸಿಡಿಗೆ ಮೂರು ಸಾವಿರ ಕೊಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹಳೇ ಸಿಡಿ ಮಾರುವವರ ಹತ್ತಿರ ಒಂದು ಎಸ್‌ಎಸಿಡಿ ಸಿಕ್ಕಿತು. ಅಂದರೆ ಸೂಪರ್ ಆಡಿಯೊ ಸಿಡಿ, ಮಾಮೂಲಿ ಸಿಡಿಗಿಂತ ಚೆನ್ನಾಗಿ ಕೇಳಿಸುತ್ತದೆ ಎಂದು ಮಾರುವ ಡಿಸ್ಕ್. ಜಾಝ್ ಸಂಗೀತ. 1,800 ರೂಪಾಯಿ ಕೊಟ್ಟೆ. ತುಮಕೂರಿಗೆ ಬರುವ ಟ್ರೈನಿನಲ್ಲಿ ದಾರಿಯುದ್ದಕ್ಕೂ ಕವರ್ ಓದಿದ್ದೇ ಓದಿದ್ದು. ಮನೆಗೆ ಬಂದವನೇ ಟಿವಿ ಕೆಳಗಿದ್ದ ಡಿವಿಡಿ ಪ್ಲೇಯರಿಗೆ ಹಾಕಿದೆ. ಅಬ್ಬಾ, ಏನು ಸ್ಪಷ್ಟ! ತಾಳದ ತಟ್ಟೆಗೆ ಕೋಲು ತಾಗುವುದು ಕಿವಿ ಪಕ್ಕದಲ್ಲೇ ತಾಗಿದ ಹಾಗೆ. ಎರಡು ವಾರ ಮನೆಗೆ ಬಂದವರನ್ನೆಲ್ಲ ಕೂರಿಸಿ, ಕಾಫಿ ಕೊಟ್ಟು, ಕೇಳಿಸಿದೆ. 'ಮಾಮೂಲಿ ಸಿಡಿಯಲ್ಲಿ ಇದು ಬರೋದಿಲ್ಲ ನೋಡಿ' ಎಂದು ಭಾಷಣ ಬೇರೆ. ಕೊನೆಗೆ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವ ಗೆಳೆಯನೊಬ್ಬ ಬಂದ. ಪ್ಲೇಯರ್ ಮುಂದೆ ಬಗ್ಗಿ ನೋಡಿದ. 'ಇದರ ಮೇಲೆ ಎಸ್‌ಎಸಿಡಿ ಗುರುತೇ ಇಲ್ವಲ್ಲೋ' ಎಂದ.

ಆ ಎರಡು ವಾರ ನಾನು ಹೊಗಳಿದ್ದು ಮಾಮೂಲಿ ಸಿಡಿಯನ್ನೇ.

ಆಗಿದ್ದು ಇಷ್ಟು. ಆ ಡಿಸ್ಕ್ ಹೈಬ್ರಿಡ್. ಅಂದರೆ ಒಂದರ ಮೇಲೊಂದು ಎರಡು ಪದರ. ಒಂದರಲ್ಲಿ ಮಾಮೂಲಿ ಸಿಡಿ, ಇನ್ನೊಂದರಲ್ಲಿ ಹೈ-ರೆಸ್, ಅಂದರೆ ಸಿಡಿಗಿಂತ ಹೆಚ್ಚು ವಿವರ ತುಂಬಿದ ಸಂಗೀತ. ಸಿಡಿ ಓದುವ ಲೇಸರ್ 780 ನ್ಯಾನೋಮೀಟರಿನದು. ಅದಕ್ಕೆ ಹೈ-ರೆಸ್ ಪದರ ಗಾಜಿನ ಹಾಗೆ, ಕಾಣುವುದೇ ಇಲ್ಲ, ಸೀದಾ ತೂರಿಕೊಂಡು ಹೋಗಿ ಹಿಂದಿನ ಸಿಡಿ ಪದರ ಓದುತ್ತದೆ. ಹೈ-ರೆಸ್ ಪದರ ಓದಲು 650 ನ್ಯಾನೋಮೀಟರಿನ ಲೇಸರ್ ಬೇಕು. ಆ ಲೇಸರ್ ಡಿವಿಡಿ ಪ್ಲೇಯರಿನಲ್ಲೂ ಇರುತ್ತದೆ, ಆದರೆ ಎಸ್‌ಎಸಿಡಿ ಬಿಡಿಸುವ ಚಿಪ್ಪು ಮತ್ತು ಲೈಸೆನ್ಸು ಇರುವುದಿಲ್ಲ. ಹಾಗಾಗಿ ಪ್ಲೇಯರ್ ಸುಮ್ನೆ ಸಿಡಿ ಪದರ ಹಾಡಿಸಿಬಿಡುತ್ತದೆ, ನಿಮಗೆ ಒಂದು ಮಾತೂ ಹೇಳುವುದಿಲ್ಲ.

ಈಗ ನಾನು ಹೇಳಬೇಕಿರುವುದು ಒಂದೇ. ಡಿಸ್ಕಿನ ಮೇಲಿನ ಅಂಕಿ ನೋಡಿ ದುಡ್ಡು ಕೊಡಬೇಡಿ. ಕೇಳಿ, ಅದೂ ಯಾವುದು ಯಾವುದೆಂದು ಗೊತ್ತಿಲ್ಲದ ಹಾಗೆ ಕೇಳಿ, ಆಮೇಲೆ ಕೊಡಿ. ಅದನ್ನು ಹೇಗೆ ಮಾಡುವುದು ಎಂದು ಬರೆಯುತ್ತೇನೆ.

ಮೊದಲು ಕೈಯಲ್ಲಿರುವುದು ಏನು ಅಂತ ಗುರುತಿಸಬೇಕು. ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂತು, ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ್ದು. 16 ಬಿಟ್, 44.1 ಕಿಲೋಹರ್ಟ್ಜ್. ಅಂದರೆ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್ಟಿನಲ್ಲಿ ಬರೆದಿಡುವುದು. ಎಸ್‌ಎಸಿಡಿ ಅದೇ ಇಬ್ಬರದ್ದು, 1999ರದ್ದು. ಅದರ ಲೆಕ್ಕಾಚಾರವೇ ಬೇರೆ: 1 ಬಿಟ್, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಜಾಸ್ತಿ ಸಲ ಅಳತೆ. ಡಿವಿಡಿ-ಆಡಿಯೊ ಅದರ ಬೆನ್ನಿಗೇ ಬಂದು, 24 ಬಿಟ್ 192 ಕಿಲೋಹರ್ಟ್ಜ್ ತನಕ ಹೋಗಿ, ಕೆಲವೇ ವರ್ಷದಲ್ಲಿ ಮೂಲೆ ಸೇರಿತು. ಈಗ ಬ್ಲೂ-ರೇ ಆಡಿಯೊ ಡಿಸ್ಕುಗಳೂ ಇವೆ. ಹೈ-ರೆಸ್ ಡಿಸ್ಕ್ ಎಂದರೆ ಮುಖ್ಯವಾಗಿ ಈ ಮೂರೇ.

ಉಳಿದ ಸ್ಟಿಕ್ಕರುಗಳ ಬಗ್ಗೆ ಹುಷಾರು. ಜಪಾನಿನ ಎಸ್‌ಎಚ್‌ಎಂ-ಸಿಡಿ, ಚಿನ್ನದ ಲೇಪನದ ಸಿಡಿ, ಇವೆಲ್ಲ ಬರೀ ಸಿಡಿಗಳೇ. ಪ್ಲಾಸ್ಟಿಕ್ಕು ಅಥವಾ ಲೇಪನ ಬೇರೆ, ಒಳಗಿನ ಸಂಗೀತದ ಅಳತೆ ಅದೇ 16 ಬಿಟ್. '24 ಬಿಟ್ ರೀಮಾಸ್ಟರ್' ಎಂದು ಬರೆದಿದ್ದರೆ ಸ್ಟುಡಿಯೊದಲ್ಲಿ 24 ಬಿಟ್‌ನಲ್ಲಿ ಕೆಲಸ ಮಾಡಿದ್ದಾರೆ ಎಂದಷ್ಟೇ ಅರ್ಥ. ನಿಮ್ಮ ಕೈಗೆ ಬಂದಿದ್ದು 16ಕ್ಕೆ ಇಳಿಸಿದ್ದು.

ಇಳಿಸಿದರೆ ನಷ್ಟ ಅಲ್ವಾ ಎಂದು ಕೇಳುತ್ತೀರಿ. ಮದುವೆ ಮನೆ ಅಡುಗೆ ನೆನಪಿಸಿಕೊಳ್ಳಿ. ಭಟ್ಟರು ಸಾರು ಮಾಡುವುದು ದೊಡ್ಡ ಕೊಳಗದಲ್ಲಿ, ಅರ್ಧಕ್ಕಿಂತ ಜಾಸ್ತಿ ತುಂಬಿಸುವುದಿಲ್ಲ, ಕುದಿ ಬಂದಾಗ ಉಕ್ಕಬಾರದು ಅಂತ. ಬಡಿಸುವಾಗ ನಿಮಗೆ ಕೊಳಗ ಬೇಕಾಗಿಲ್ಲ, ಎಲೆ ಸಾಕು. 24 ಬಿಟ್ ಎಂದರೆ ಆ ಕೊಳಗ. ಹಾಡುವವರು ಯಾವಾಗ ದನಿ ಏರಿಸುತ್ತಾರೋ ಗೊತ್ತಿಲ್ಲ, ಆಮೇಲೆ ಹತ್ತಾರು ಟ್ರ್ಯಾಕ್ ಬೆರೆಸಬೇಕು, ಹಾಗಾಗಿ ಸ್ಟುಡಿಯೊದವರಿಗೆ ಅದು ಬೇಕೇ ಬೇಕು. ಕೂತು ಊಟ ಮಾಡುವ ನಮಗೆ 16 ಬಿಟ್ಟಿನ ಎಲೆ ಸಾಲುತ್ತದೆಯೇ ಎಂಬುದೇ ಪ್ರಶ್ನೆ.

16 ಬಿಟ್ ಎಂದರೆ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ ಸುಮಾರು 96 ಡೆಸಿಬಲ್ ಅಂತರ. ಇದು ಎಷ್ಟು ಅಂತ ತಿಳಿಯಲು ನಾನು ಬಟವಾಡಿಯ ನಮ್ಮ ಮನೆ ಹಾಲ್‌ನಲ್ಲಿ ಫೋನಿನ ಆ್ಯಪ್ ಇಟ್ಟು ಅಳೆದೆ. ಫೋನ್ ಆ್ಯಪ್ ನಿಖರವಲ್ಲ, ಅಂದಾಜಿಗೆ ಸಾಕು. ಏಪ್ರಿಲ್ ತಿಂಗಳು, ಮಧ್ಯಾಹ್ನ, ಫ್ಯಾನ್ ಮೂರನೇ ಸ್ಪೀಡಿನಲ್ಲಿ: 48. ರಾತ್ರಿ ಹನ್ನೊಂದೂವರೆಗೆ ಫ್ಯಾನ್ ನಿಲ್ಲಿಸಿ, ಫ್ರಿಜ್ಜು ಆಫ್ ಆಗುವ ತನಕ ಕಾದು, ಬೆವರು ಒರೆಸಿಕೊಳ್ಳುತ್ತಾ ಅಳೆದಾಗ: 34. ಅಷ್ಟರಲ್ಲಿ ಹೈವೇ ಕಡೆಯಿಂದ ಒಂದು ಲಾರಿ ಹಾರ್ನ್ ಹೊಡೆಯಿತು, ಮತ್ತೆ 50 ದಾಟಿತು. ಈಗ ಲೆಕ್ಕ ಹಾಕಿ. ರಾತ್ರಿಯ ಆ 34ರ ಮೇಲೆ 96 ಇಟ್ಟರೆ 130. ಅದು ಕಿವಿ ನೋಯುವ ಮಟ್ಟ. ಅಂದರೆ ಸಿಡಿ ಕೊಡುವ ಪೂರ್ತಿ ಅಂತರವನ್ನೇ ನಮ್ಮ ಮನೆಯಲ್ಲಿ ಬಳಸಲು ಆಗುವುದಿಲ್ಲ, ಬಳಸಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಅದರ ಮೇಲೆ ಇನ್ನೂ 20, 30 ಡೆಸಿಬಲ್ ಕೊಡುತ್ತೇವೆ ಎಂದು ದುಡ್ಡು ಕೇಳಿದರೆ ಎಲ್ಲಿಗೆ ಹಾಕಿಕೊಳ್ಳಲಿ?

ಇನ್ನು 44.1ರ ಕಥೆ. ಅಳತೆಯ ದರದ ಅರ್ಧದ ತನಕ, ಅಂದರೆ 22 ಕಿಲೋಹರ್ಟ್ಜ್ ತನಕ, ಸಿಡಿ ಸದ್ದನ್ನು ಹಿಡಿದಿಡುತ್ತದೆ. ಮನುಷ್ಯರ ಕಿವಿಗೆ ಮೇಲ್ಮಿತಿ 20 ಎನ್ನುತ್ತಾರೆ, ಅದೂ ಎಳೇ ವಯಸ್ಸಿನಲ್ಲಿ. ಸಿಡಿಯಿಂದ ಹೊರಗೆ ಬರುವ ಅಲೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ ಎಂದು ಚಿತ್ರ ಬರೆದು ತೋರಿಸುತ್ತಾರಲ್ಲ, ಅದು ತಪ್ಪು. ಪ್ಲೇಯರಿನಿಂದ ಹೊರಬರುವ ಹೊತ್ತಿಗೆ ಅಲೆ ನುಣ್ಣಗೇ ಇರುತ್ತದೆ.

ನಿಮ್ಮ ಕಿವಿ ಎಲ್ಲಿಯ ತನಕ ಕೇಳುತ್ತದೆ ಎಂದು ಪರೀಕ್ಷಿಸುವುದು ಸುಲಭ. ಫೋನಿಗೆ ಯಾವುದಾದರೂ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ಹೆಡ್‌ಫೋನ್ ಹಾಕಿ, ವಾಲ್ಯೂಮ್ ಕಡಿಮೆ ಇಡಿ. 8 ಕಿಲೋಹರ್ಟ್ಜ್‌ನಿಂದ ಮೆಲ್ಲಗೆ ಏರಿಸಿ. ಕೇಳಿಸುವುದು ನಿಂತ ಮೇಲೆ ವಾಲ್ಯೂಮ್ ಏರಿಸಬೇಡಿ, ಸದ್ದು ಕೇಳಿಸದಿದ್ದರೂ ಕಿವಿಗೆ ಪೆಟ್ಟು ಬೀಳಬಹುದು. ನನಗೆ 46 ವರ್ಷ, 13ಕ್ಕೆ ನಿಂತುಹೋಯಿತು. ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿ ಮತ್ತೊಂದು ಸಲ ನೋಡೋಣ ಅಂತ 16ಕ್ಕೆ ಇಟ್ಟೆ. ನನಗೆ ಪೂರ್ತಿ ಮೌನ. ಒಳಗಿನ ರೂಮಿನಿಂದ ಮಗಳು ಕೂಗಿದಳು: 'ಅಪ್ಪಾ, ಅದೇನದು ಕುಯ್ ಅಂತಿದೆ, ಆಫ್ ಮಾಡು!' 22ರ ಮೇಲಿನ ಸದ್ದಿಗೆ ಮೂರು ಸಾವಿರ ಕೊಡುವ ಅಪ್ಪನಿಗೆ 14ರದ್ದೇ ಕೇಳಿಸುತ್ತಿಲ್ಲ.

ದೊಡ್ಡ ಮಟ್ಟದಲ್ಲೂ ಇದನ್ನು ಪರೀಕ್ಷಿಸಿದ್ದಾರೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ತಮ್ಮ ಪರೀಕ್ಷೆ ಪ್ರಕಟಿಸಿದರು. ಒಮ್ಮೆ ಹೈ-ರೆಸ್ ಡಿಸ್ಕಿನ ಸದ್ದನ್ನು ಹಾಗೇ ಕೇಳಿಸುವುದು, ಇನ್ನೊಮ್ಮೆ ಅದೇ ಸದ್ದನ್ನು 16 ಬಿಟ್ 44.1ರ ಪೆಟ್ಟಿಗೆಯೊಂದರ ಮೂಲಕ ಹಾಯಿಸಿ ಕೇಳಿಸುವುದು, ಯಾವುದು ಯಾವುದೆಂದು ಹೇಳದೆ. 554 ಸಲ ಕೇಳಿಸಿದರು. ಸರಿಯಾಗಿ ಗುರುತಿಸಿದ್ದು ನೂರಕ್ಕೆ 49.8. ಕಾಯಿನ್ ಚಿಮ್ಮಿದರೂ ಅಷ್ಟೇ ಬರುತ್ತದೆ. ಹಾಗಂತ ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಎಂಬ ಪ್ರೊಫೆಸರ್ 18 ಪರೀಕ್ಷೆಗಳ ಫಲಿತಾಂಶ ಒಟ್ಟು ಸೇರಿಸಿ ನೋಡಿದಾಗ ನೂರಕ್ಕೆ 52.3 ಬಂತು. ಅಂದರೆ ಏನೋ ಒಂಚೂರು ವ್ಯತ್ಯಾಸ ಕೆಲವರಿಗೆ ಗೊತ್ತಾಗುತ್ತದೆ, ತರಬೇತಿ ಪಡೆದ ಕಿವಿಗಳಿಗೆ ಸ್ವಲ್ಪ ಜಾಸ್ತಿ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಎರಡು ಚಿಲ್ಲರೆ ಶೇಕಡಕ್ಕೆ ಅಂಗಡಿಯವರು 'ರಾತ್ರಿ ಹಗಲಿನ ವ್ಯತ್ಯಾಸ ಸಾರ್' ಎನ್ನುತ್ತಾರಲ್ಲ, ಅದಕ್ಕೆ ನಗು ಬರುತ್ತದೆ.

ಸರಿ, ನಿಮ್ಮ ಕಿವಿ ಆ ಕೆಲವರದ್ದೇ ಇರಬಹುದು. ಮನೆಯಲ್ಲೇ ನೋಡಿಕೊಳ್ಳಿ. ಡಿಸ್ಕ್ ಕೊಳ್ಳುವುದೂ ಬೇಡ, ಒಂದು ಲ್ಯಾಪ್‌ಟಾಪ್, ಪರವಾಗಿಲ್ಲ ಎನ್ನುವಂಥ ಒಂದು ಹೆಡ್‌ಫೋನ್ ಸಾಕು. ನಾರ್ವೆಯ 2ಎಲ್ ಎಂಬ ರೆಕಾರ್ಡಿಂಗ್ ಕಂಪನಿ ಪರೀಕ್ಷೆಗೆಂದೇ ಹೈ-ರೆಸ್ ಫೈಲುಗಳನ್ನು ಉಚಿತವಾಗಿ ಇಟ್ಟಿದೆ. ಅದರಲ್ಲಿ 24 ಬಿಟ್ 96ರ ಒಂದು ಫೈಲ್ ಇಳಿಸಿಕೊಳ್ಳಿ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು 44.1ಕ್ಕೆ ಇಳಿಸಿ, 16 ಬಿಟ್ ಆಗಿ ಉಳಿಸಿ. ಉಳಿಸುವಾಗ ಡಿದರ್ ಆನ್ ಇರಲಿ, ಬಿಟ್ ಇಳಿಸುವಾಗ ಆಗುವ ತಪ್ಪು ಕಿವಿಗೆ ಬೀಳದ ಹಾಗೆ ಸೇರಿಸುವ ಅತಿ ಮೆಲ್ಲನೆಯ ಸದ್ದು ಅದು. ಇದೀಗ ಸಿಡಿ ಗುಣಮಟ್ಟದ ಪ್ರತಿ. ಈಗ ಇದನ್ನೇ ಮತ್ತೆ ತೆರೆದು 24 ಬಿಟ್ 96ಕ್ಕೆ ಏರಿಸಿ ಇನ್ನೊಂದು ಹೆಸರಿನಲ್ಲಿ ಉಳಿಸಿ. ಇದೇಕೆ ಸುತ್ತು ಬಳಸು ಎಂದರೆ, ಎರಡು ಫೈಲಿನ ದರ ಬೇರೆ ಬೇರೆ ಇದ್ದರೆ ಬದಲಾಯಿಸುವಾಗ ಕೆಲವು ಲ್ಯಾಪ್‌ಟಾಪುಗಳಲ್ಲಿ 'ಟಿಕ್' ಎಂಬ ಸದ್ದು ಬಂದು ಗುಟ್ಟು ರಟ್ಟಾಗುತ್ತದೆ. ಏರಿಸಿದರೆ ಕಳೆದುಹೋದದ್ದೇನೂ ವಾಪಸ್ ಬರುವುದಿಲ್ಲ, ಆದ್ದರಿಂದ ಪರೀಕ್ಷೆಗೆ ಮೋಸವಿಲ್ಲ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲೂ 24 ಬಿಟ್ 96 ಆಯ್ಕೆ ಮಾಡಿ, ಇಲ್ಲದಿದ್ದರೆ ಅದೇ ಎಲ್ಲವನ್ನೂ ತನಗಿಷ್ಟ ಬಂದ ದರಕ್ಕೆ ಇಳಿಸಿಬಿಡುತ್ತದೆ, ನೀವು ಎರಡೂ ಒಂದೇ ಅಂತ ತೀರ್ಪು ಕೊಡುತ್ತೀರಿ.

ಆಮೇಲೆ ಫೂಬಾರ್2000 ಎಂಬ ಉಚಿತ ಪ್ಲೇಯರ್ ಹಾಕಿ, ಅದಕ್ಕೆ ಎಬಿಎಕ್ಸ್ ಎಂಬ ಸೇರ್ಪಡೆಯನ್ನೂ ಹಾಕಿ. ಅದು ಮೂಲ ಫೈಲನ್ನು 'ಎ', ಇಳಿಸಿ ಏರಿಸಿದ್ದನ್ನು 'ಬಿ' ಎಂದು ಎರಡೂ ಕೇಳಿಸುತ್ತದೆ. ಆಮೇಲೆ ಎಕ್ಸ್ ಎಂಬ ಗುಟ್ಟಿನದ್ದನ್ನು ಕೇಳಿಸಿ, ಇದು 'ಎ'ಯೋ 'ಬಿ'ಯೋ ಎಂದು ಕೇಳುತ್ತದೆ. 16 ಸಲ ಮಾಡಿ. 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ನಿಮಗೆ ನಿಜವಾಗಿಯೂ ವ್ಯತ್ಯಾಸ ಕೇಳಿಸುತ್ತಿದೆ ಎನ್ನಬಹುದು, ಬರೀ ಅದೃಷ್ಟದಲ್ಲಿ ಅಷ್ಟು ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. 9, 10 ಬಂದರೆ ಅದು ಕಾಯಿನ್. ಒಂದೇ ಕೂತಲ್ಲಿ 16 ಮಾಡಬೇಡಿ, ಕಿವಿ ಸುಸ್ತಾಗುತ್ತದೆ. ನಾನು ಎರಡು ರಾತ್ರಿ ಮಾಡಿದೆ. 9 ಬಂತು. ಆರನೇ ಸಲದ ಹೊತ್ತಿಗೆ ನನಗೆ ಪೂರ್ತಿ ಖಾತ್ರಿ ಇತ್ತು, ಪಿಟೀಲಿನ ನಾದ ಬೇರೆ ಅಂತ. ಆ ಆರನೆಯದೂ ತಪ್ಪು.

ಹೈಬ್ರಿಡ್ ಡಿಸ್ಕಿನ ಎರಡು ಪದರಗಳನ್ನೇ ಹೋಲಿಸಿದರೆ ಸಾಲದೇ ಎಂದರೆ, ಸಾಲದು. ಇಲ್ಲೇ ಜಾಸ್ತಿ ಜನ ಜಾರುವುದು. ಮೊದಲನೆಯದಾಗಿ ಎರಡರ ಸದ್ದಿನ ಮಟ್ಟ ಒಂದೇ ಇರಬೇಕೆಂದಿಲ್ಲ, ಮತ್ತು ನಮ್ಮ ಕಿವಿಗೆ ಒಂಚೂರು ಜೋರಾಗಿದ್ದದ್ದೇ ಚೆನ್ನಾಗಿದೆ ಅನಿಸುತ್ತದೆ, ಜೋರು ಅಂತ ಅನಿಸುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಎರಡು ಪದರಕ್ಕೆ ಬೇರೆ ಬೇರೆ ಮಾಸ್ಟರಿಂಗ್ ಮಾಡಿರುವುದುಂಟು. ಮಾಸ್ಟರಿಂಗ್ ಎಂದರೆ ಡಿಸ್ಕಿಗೆ ಹಾಕುವ ಮುಂಚೆ ಸದ್ದನ್ನು ಕೊನೆಯದಾಗಿ ಹದ ಮಾಡುವುದು. ಸಿಡಿ ಪದರ ಕಾರಿನಲ್ಲಿ, ಸಣ್ಣ ಸೆಟ್ಟಿನಲ್ಲಿ ಕೇಳುವವರಿಗೆ ಎಂದು ಹಿಂಡಿ ಹಿಸುಕಿ ಜೋರು ಮಾಡುವುದು. ಎಸ್‌ಎಸಿಡಿ ಪದರ ಮನೆಯಲ್ಲಿ ಕೂತು ಕೇಳುವವರಿಗೆ ಎಂದು ಉಸಿರಾಡಲು ಬಿಡುವುದು. ಎಲ್ಲರೂ ಹಾಗೆ ಮಾಡುತ್ತಾರೆ ಎಂದಲ್ಲ, ಆದರೆ ಮಾಡಿದಾಗ ಎಸ್‌ಎಸಿಡಿ ಪದರ ನಿಜವಾಗಿಯೂ ಚೆನ್ನಾಗಿ ಕೇಳಿಸುತ್ತದೆ. ಕಾರಣ ಬಿಟ್ಟೂ ಅಲ್ಲ, ಕಿಲೋಹರ್ಟ್ಜೂ ಅಲ್ಲ. ಅದೇ ಮಾಸ್ಟರಿಂಗನ್ನು ಸಿಡಿಗೆ ಹಾಕಿದ್ದರೆ ಸಿಡಿಯೂ ಹಾಗೇ ಕೇಳಿಸುತ್ತಿತ್ತು.

ಹಾಗಾದರೆ ಕೊಳ್ಳುವಾಗ ನೋಡಬೇಕಾದ್ದು ಮಾಸ್ಟರಿಂಗ್. ಅದನ್ನು ನೋಡುವುದು ಹೇಗೆ? ನಿಮ್ಮ ಸಿಡಿಯ ಒಂದು ಹಾಡನ್ನು ಕಂಪ್ಯೂಟರಿಗೆ ಇಳಿಸಿ ಆಡಾಸಿಟಿಯಲ್ಲಿ ತೆರೆಯಿರಿ. ನೀಲಿ ಅಲೆ ಕಾಣುತ್ತದೆ. ದೇವರಾಯನದುರ್ಗದ ಬೆಟ್ಟಸಾಲಿನ ಹಾಗೆ ಏರು, ತಗ್ಗು, ಅಲ್ಲೊಂದು ಇಲ್ಲೊಂದು ಶಿಖರ ಇದ್ದರೆ ಒಳ್ಳೆಯದು. ಮೇಲೂ ಕೆಳಗೂ ಕತ್ತರಿಸಿದ ಹಾಗೆ ಇಟ್ಟಿಗೆ ಗೋಡೆ ಕಂಡರೆ ಹಿಂಡಿದ್ದಾರೆ ಎಂದೇ ಅರ್ಥ. ನನ್ನ ಹತ್ತಿರ ಒಂದೇ ಆಲ್ಬಮ್ಮಿನ ಎರಡು ಸಿಡಿ ಇವೆ, ಒಂದು 80ರ ದಶಕದ್ದು, ಇನ್ನೊಂದು 2000ದ ನಂತರದ 'ಡಿಜಿಟಲ್ ರೀಮಾಸ್ಟರ್'. ಹಳೆಯದು ಬೆಟ್ಟ, ಹೊಸದು ಗೋಡೆ. ಕೇಳಿದರೂ ಹಾಗೇ, ಹೊಸದರಲ್ಲಿ ಡ್ರಮ್ಮಿಗೂ ಪಿಸುಮಾತಿಗೂ ಒಂದೇ ಗಾತ್ರ, ಅರ್ಧ ಗಂಟೆಗೆ ತಲೆ ಹಿಡಿಯುತ್ತದೆ. ಈ ವ್ಯತ್ಯಾಸಕ್ಕೆ ಯಾವ ಎಬಿಎಕ್ಸ್ ಪರೀಕ್ಷೆಯೂ ಬೇಡ, ಅಡುಗೆಮನೆಯಲ್ಲಿದ್ದವರಿಗೂ ಗೊತ್ತಾಗುತ್ತದೆ. ಅಂದಹಾಗೆ ಎಸ್‌ಎಸಿಡಿಯ ಹೈ-ರೆಸ್ ಪದರವನ್ನು ಕಂಪ್ಯೂಟರಿನ ಮಾಮೂಲಿ ಡ್ರೈವ್ ಓದುವುದಿಲ್ಲ. ಅದರ ಅಲೆ ನೋಡುವ ಆಸೆ ಬಿಟ್ಟುಬಿಡಿ.

ನಮ್ಮ ಹಾಡುಗಳ ಮಾತಿಗೆ ಬರೋಣ. ಅಣ್ಣಾವ್ರ ಹಳೇ ಹಾಡು, ಭಾವಗೀತೆ, ಕರ್ನಾಟಕ ಸಂಗೀತದ ಹಳೇ ಕಛೇರಿ, ನಾನು ಜಾಸ್ತಿ ಕೇಳುವುದು ಇವನ್ನೇ. ಇದುವರೆಗೆ ನನ್ನ ಕೈಗೆ ಒಂದೂ ಕನ್ನಡದ ಎಸ್‌ಎಸಿಡಿ ಸಿಕ್ಕಿಲ್ಲ. ಸಿಕ್ಕರೂ ಏನು? ಅವೆಲ್ಲ ಟೇಪಿನಲ್ಲಿ ರೆಕಾರ್ಡ್ ಆದವು. ಆ ಕಾಲದ ಟೇಪಿನ 'ಸ್ಸ್' ಸದ್ದನ್ನು ಲೆಕ್ಕಕ್ಕೆ ಹಿಡಿದರೆ ಉಪಯೋಗಕ್ಕೆ ಬರುವುದು 60, 70 ಡೆಸಿಬಲ್ ಅಷ್ಟೇ. ಸಿಡಿಯ 96ರಲ್ಲೇ ಅದು ಆರಾಮಾಗಿ ಕಾಲು ಚಾಚಿ ಮಲಗುತ್ತದೆ. 24 ಬಿಟ್‌ನಲ್ಲಿ ಇಟ್ಟರೆ ಟೇಪಿನ ಸ್ಸ್ ಸದ್ದು ಇನ್ನೂ ನಿಖರವಾಗಿ ಸಿಗುತ್ತದೆ, ಅಷ್ಟೇ.

ನಮ್ಮ ಕಡೆ ನಿಜವಾಗಿ ಕಿವಿಗೆ ಹೊಡೆಯುವ ವ್ಯತ್ಯಾಸ ಬೇರೆ ಇದೆ. ಬಸ್ ಸ್ಟ್ಯಾಂಡ್ ಹತ್ತಿರ ಗಾಡಿ ಮೇಲೆ ಮಾರುತ್ತಿದ್ದ 'ನೂರು ಹಾಡು' ಡಿಸ್ಕ್ ನೆನಪಿದೆಯಾ? ನಿಜವಾದ ಸಿಡಿಗೆ ಹಿಡಿಯುವುದು 74ರಿಂದ 80 ನಿಮಿಷ. ನೂರು ಹಾಡಿಗೆ ಏಳು ಗಂಟೆ ಬೇಕು. ಹೇಗೆ ತುಂಬಿಸಿದರು? ಎಂಪಿ3 ಮಾಡಿ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದದ್ದನ್ನು 128ಕ್ಕೆ ಇಳಿಸಿದರೆ ಹನ್ನೊಂದರಲ್ಲಿ ಒಂದು ಪಾಲು ಉಳಿಯುತ್ತದೆ. ಚಪ್ಪಾಳೆ, ತಾಳದ ಝಲ್ ಸದ್ದು ನೀರಲ್ಲಿ ಅದ್ದಿದ ಹಾಗೆ ಕೇಳಿಸುವುದು ಅದಕ್ಕೇ. ಅದನ್ನು ಬಿಟ್ಟು ಅಸಲಿ ಸಿಡಿಗೆ ಬಂದರೆ ನಿಜವಾಗಿ ಲಾಭ. ಸಿಡಿಯಿಂದ ಎಸ್‌ಎಸಿಡಿಗೆ ಹೋಗುವುದು ಆ ಥರದ ಜಿಗಿತ ಅಲ್ಲ. ಡಿಸ್ಕಿನ ಮೇಲೆ 'ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೊ' ಎಂಬ ಗುರುತು ಇದೆಯಾ ನೋಡಿ, ಸಾಕು.

ಹಾಗಾದರೆ ಎಸ್‌ಎಸಿಡಿ ಯಾವಾಗ ಕೊಳ್ಳಬಹುದು? ಮನೆಯಲ್ಲಿ ಐದು ಸ್ಪೀಕರ್ ಸರಿಯಾಗಿ ಜೋಡಿಸಿದ್ದರೆ ಕೊಳ್ಳಿ, ಎಲ್ಲದರಲ್ಲೂ ಅಲ್ಲದಿದ್ದರೂ ಹಲವು ಎಸ್‌ಎಸಿಡಿಗಳಲ್ಲಿ ಐದು ಚಾನೆಲ್ಲಿನ ಮಿಶ್ರಣ ಇರುತ್ತದೆ, ಸಿಡಿಯಲ್ಲಿ ಅದಿಲ್ಲ. ಇದು ಪಿಸುಗುಟ್ಟುವ ವ್ಯತ್ಯಾಸವಲ್ಲ, ಕಣ್ಣು ಮುಚ್ಚಿದರೆ ಸಭಾಂಗಣದಲ್ಲಿ ಕೂತ ಹಾಗೆ. ನಿಮಗಿಷ್ಟದ ಆಲ್ಬಮ್ಮಿನ ಒಳ್ಳೆಯ ಮಾಸ್ಟರಿಂಗ್ ಎಸ್‌ಎಸಿಡಿಯಲ್ಲಿ ಮಾತ್ರ ಇದ್ದರೆ ಕೊಳ್ಳಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರಾದರೆ ಹೈಬ್ರಿಡ್ಡು ಸಿಡಿಯ ಬೆಲೆಗೇ ಸಿಗುವುದುಂಟು, ಆಗ ಧಾರಾಳವಾಗಿ ತಗೊಳ್ಳಿ, ಯಾವ ಪ್ಲೇಯರಿಗೂ ಆಗುತ್ತದೆ. ಹೈಬ್ರಿಡ್ ಅಲ್ಲದ ಒಂಟಿ ಎಸ್‌ಎಸಿಡಿಗಳೂ ಇವೆ, ಜಪಾನಿನವು ಮುಖ್ಯವಾಗಿ. ಅವು ಸಿಡಿ ಪ್ಲೇಯರಿನಲ್ಲಿ ತಿರುಗುತ್ತವೆ, ಸದ್ದು ಬರುವುದಿಲ್ಲ. ಕವರಿನಲ್ಲಿ 'ಹೈಬ್ರಿಡ್' ಎಂದು ಇದೆಯಾ ಅಂತ ಎರಡು ಸಲ ನೋಡಿ. ಬೇರೆ ದೇಶದಿಂದ ತರಿಸುವುದಾದರೆ ಡಿಸ್ಕಿನ ಬೆಲೆ, ಅಂಚೆ, ಕಸ್ಟಮ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಕೊನೆಯ ಸಲ ನನಗೆ ಒಂದು ಡಿಸ್ಕ್ 3,400 ಬಿತ್ತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಷ್ಟು ದಿನ ಬರುತ್ತಿತ್ತು ಎಂದು ಮನೆಯವಳು ಕೂಡಲೇ ಲೆಕ್ಕ ಹೇಳಿದಳು.

ಆ ದುಡ್ಡನ್ನು ರೂಮಿಗೆ ಹಾಕಿದರೆ ಎಷ್ಟೋ ಮೇಲು. ನಮ್ಮ ಮನೆಗಳೆಲ್ಲ ವಿಟ್ರಿಫೈಡ್ ಟೈಲ್ಸು, ಬೋಳು ಗೋಡೆ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. 'ಝಿಂಗ್' ಎಂದು ಬಾಲ ಬಂದರೆ ಯಾವ ಡಿಸ್ಕ್ ಹಾಕಿದರೂ ಆ ಬಾಲ ಸೇರಿಯೇ ಕೇಳಿಸುತ್ತದೆ. ನಾನು ಶಿರಾ ಕಡೆಯಿಂದ ತಂದ ಎರಡು ಕುರಿ ಕಂಬಳಿಯನ್ನು, ಒಂದು ನೆಲಕ್ಕೆ, ಒಂದು ಸ್ಪೀಕರ್ ಎದುರಿನ ಗೋಡೆಗೆ, ಹಾಕಿದೆ. ಸ್ಪೀಕರುಗಳನ್ನು ಶೋಕೇಸಿನ ಗೂಡಿನಿಂದ ಹೊರಗೆ ತೆಗೆದು ಸ್ಟೂಲ್ ಮೇಲೆ ಇಟ್ಟು, ಗೋಡೆಯಿಂದ ಎರಡು ಅಡಿ ಮುಂದಕ್ಕೆ ತಂದೆ. ಟ್ವೀಟರ್, ಅಂದರೆ ತೀಕ್ಷ್ಣ ಸದ್ದು ಹೊರಡಿಸುವ ಸಣ್ಣ ಸ್ಪೀಕರ್, ಕೂತವರ ಕಿವಿ ಮಟ್ಟಕ್ಕೆ ಬರಬೇಕು. ಮೃದಂಗದ ಎಡಗೈ, ಬಲಗೈ ಬೇರೆ ಬೇರೆ ಕೇಳಿಸಿದ್ದು ಅವತ್ತೇ ಮೊದಲು, ಅದೂ 150 ರೂಪಾಯಿಯ ಸಿಡಿಯಲ್ಲಿ. ಮೊದಲ ವಾರ ಕಂಬಳಿಯ ವಾಸನೆ ಇರುತ್ತದೆ, ಬಿಸಿಲಿಗೆ ಹಾಕಿ.

ಹಳೇ ಸಿಡಿ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಬೆಳಕು ತೂರಿ ಬಂದರೆ ಲೋಹದ ಪದರ ಹೋಗಿದೆ, ಬಿಟ್ಟುಬಿಡಿ. ಕೆಳಗಿನ ಹೊಳೆಯುವ ಬದಿಯ ಸಣ್ಣ ಗೀರು ಪರವಾಗಿಲ್ಲ, ಮೇಲಿನ ಹೆಸರು ಬರೆದ ಬದಿಯ ಗೀರೇ ಅಪಾಯ, ಲೋಹದ ಪದರ ಇರುವುದು ಅದರ ಕೆಳಗೇ. ಧೂಳಿದ್ದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ತಿರುಗಿಸಿ ಒರೆಸಬೇಡಿ. ಬಿ.ಎಚ್. ರಸ್ತೆ ಹತ್ತಿರ ಮನೆ ಇರುವವರು ಪ್ಲೇಯರಿನ ಟ್ರೇ ತೆರೆದೇ ಬಿಟ್ಟು ಹೋಗಬೇಡಿ. ಮೂರು ತಿಂಗಳಿಗೆ ಲೇಸರ್ ಮೇಲೆ ಧೂಳು ಕೂತು ಹಾಡು ತಡವರಿಸಲು ಶುರುವಾಗುತ್ತದೆ.